ಕೊಚ್ಚಿ ಬಂದರಿನ ಶಿಲ್ಪಿ

ಸಹ್ಯಾದ್ರಿಯ ಪಶ್ಚಿಮದ ಇಳಿಜಾರಿನಲ್ಲಿ ಹುಟ್ಟಿ ಅರಬ್ಬೀ ಸಮುದ್ರವನ್ನು ಸೇರುವ ನದಿಗಳು ಹಲವು. ಅವುಗಳ ಹರಿವಿನ ದೂರ ಕಡಿಮೆ; ಓಟ ಮಾತ್ರ ಬಹಳ ರಭಸವಾದುದು. ಮಳೆಗಾಲದಲ್ಲಿ ಈ ನದಿಗಳು ಬೆಟ್ಟದ ಮಣ್ಣನ್ನೂ ಮರಳನ್ನೂ ಹೊತ್ತುಕೊಂಡು ಕಡಲಿನತ್ತ ಧಾವಿಸುತ್ತವೆ. ಸಮುದ್ರವನ್ನು ಸೇರುವ ಸ್ಥಳದಲ್ಲಿ, ಎಂದರೆ ಅಳಿವೆಯಲ್ಲಿ, ನದಿಯ ವೇಗವು ಕುಂದುತ್ತದೆ. ಅದು ಹೊತ್ತು ತಂದ ಹೊರೆಯು ಅಲ್ಲಿಯೇ ತಳಕ್ಕೆ ಇಳಿಯುತ್ತದೆ. ಕಡಲಿನ ಅಲೆಗಳು ಆ ಮರಳನ್ನು ಮತ್ತೆ ದಡದ ಕಡೆಗೆ ತಳ್ಳುತ್ತವೆ. ಹೀಗೆ ಎರಡು ಶಕ್ತಿಗಳ ನಡುವೆ ಸಿಕ್ಕಿದ ಮರಳು ಅಳಿವೆಗೆ ಅಡ್ಡಲಾಗಿ ನೀರಿನ ಅಡಿಯಲ್ಲಿ ದಿಣ್ಣೆಯಾಗಿ ಬೆಳೆಯುತ್ತದೆ. ದಡದಲ್ಲಿ ನಿಂತು ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಆದರೆ ಹಡಗು ನಡೆಸುವವರ ಪಾಲಿಗೆ ಅದು ಮುಚ್ಚಿದ ಬಾಗಿಲೇ ಸರಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಮಂಗಳೂರಿನ ಅಳಿವೆಯಲ್ಲಿಯೂ ಇಂತಹ ದಿಣ್ಣೆಯುಂಟು. ಕೇರಳದ ಕೊಚ್ಚಿಯಲ್ಲಿಯೂ ಇಂತಹುದೇ ಒಂದು ದಿಣ್ಣೆ ಶತಮಾನಗಳಿಂದ ದೊಡ್ಡ ಹಡಗುಗಳನ್ನು ಹೊರಗೇ ನಿಲ್ಲಿಸಿತ್ತು. ಆ ಬಾಗಿಲನ್ನು ತೆರೆದ ಸಾಹಸಿ ಎಂಜಿನಿಯರ್ ಸರ್ ರಾಬರ್ಟ್ ಬ್ರಿಸ್ಟೋ.

ಕೊಚ್ಚಿಯು ಪುರಾತನ ಕೀರ್ತಿಯುಳ್ಳ ಬಂದರು. ೧೩೪೧ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪ್ರವಾಹದಿಂದ ಉತ್ತರದ ಕೊಡುಂಗಲ್ಲೂರಿನ ಹಳೆಯ ಬಂದರು ಹೂಳಿನಿಂದ ಮುಚ್ಚಿಹೋಯಿತೆಂದೂ, ನೀರು ಕೊಚ್ಚಿಯ ಬಳಿ ಕಡಲಿಗೆ ಹೊಸ ದಾರಿಯನ್ನು ಮಾಡಿಕೊಂಡಿತೆಂದೂ ಇತಿಹಾಸಕಾರರು ಹೇಳುತ್ತಾರೆ. ಮೆಣಸನ್ನು ಅರಸಿ ಬಂದ ಪೋರ್ಚುಗೀಸರು ೧೫೦೦ರಲ್ಲಿ ಇಲ್ಲಿಗೆ ಕಾಲಿಟ್ಟರು. ೧೬೬೩ರಲ್ಲಿ ಡಚ್ಚರು ಅವರನ್ನು ಓಡಿಸಿ ಕೋಟೆಯನ್ನು ಹಿಡಿದರು. ೧೭೯೫ರಲ್ಲಿ ಅದು ಆಂಗ್ಲರ ಕೈಸೇರಿತು. ಕೋಟೆಯ ಒಳಗೆ ಆಳುವವರು ಬದಲಾದರೂ ಬಂದರಿನ ಸ್ವರೂಪ ಬದಲಾಗಲಿಲ್ಲ. ಅಳಿವೆಯ ಒಳಭಾಗದಲ್ಲಿ ವೇಂಬನಾಡು ಹಿನ್ನೀರಿನ ವಿಶಾಲವಾದ, ಶಾಂತವಾದ ಜಲರಾಶಿ. ಹೊರಭಾಗದಲ್ಲಿ ಹಡಗುಗಳು ಓಡಾಡುವ ಆಳವಾದ ಕಡಲು. ಇವೆರಡರ ನಡುವೆ ಆ ಮರಳಿನ ದಿಣ್ಣೆ. ಪ್ರಕೃತಿಯು ಅತ್ಯುತ್ತಮವಾದ ಬಂದರನ್ನು ನಿರ್ಮಿಸಿ, ಅದರ ಬಾಗಿಲಿಗೆ ಅಗುಳಿಯನ್ನು ಹಾಕಿದಂತಿತ್ತು.

ಹಾಯಿ ಹಡಗುಗಳ ಕಾಲದಲ್ಲಿ ಈ ಅಗುಳಿ ಅಷ್ಟಾಗಿ ಬಾಧಿಸಲಿಲ್ಲ. ಚಿಕ್ಕ ಹಡಗುಗಳು ಉಬ್ಬರದ ಸಮಯವನ್ನು ನೋಡಿಕೊಂಡು ದಿಣ್ಣೆಯನ್ನು ದಾಟುತ್ತಿದ್ದವು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪರಿಸ್ಥಿತಿಯು ಬೇರೆಯಾಯಿತು. ಯೂರೋಪಿನಿಂದ ಭಾರತಕ್ಕೆ ಬರುವ ದಾರಿ ಸಾವಿರಾರು ಮೈಲಿಗಳಷ್ಟು ಹತ್ತಿರವಾಯಿತು. ಹಾಯಿಯ ಸ್ಥಾನವನ್ನು ಉಗಿಯಂತ್ರವು ಆಕ್ರಮಿಸಿತು. ಹಡಗುಗಳ ಗಾತ್ರವು ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಅವು ನೀರಿನಲ್ಲಿ ಮುಳುಗುವ ಆಳವೂ ಹೆಚ್ಚಿತು. ಇಂತಹ ಹಡಗುಗಳು ಕೊಚ್ಚಿಯ ದಡದಿಂದ ಬಹು ದೂರದಲ್ಲಿ, ತೆರೆದ ಕಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಮುನ್ನಾರಿನ ಚಹಾ, ಮಲೆನಾಡಿನ ಮೆಣಸು ಮತ್ತು ಏಲಕ್ಕಿ, ಬಯಲಿನ ತೆಂಗಿನ ನಾರು ಮತ್ತು ಕೊಬ್ಬರಿ ಎಣ್ಣೆ ಇವೆಲ್ಲವೂ ಹಿನ್ನೀರಿನ ದೋಣಿಗಳಲ್ಲಿ ಮಟ್ಟಾಂಚೇರಿಯ ಮಳಿಗೆಗಳಿಗೆ ಬರುತ್ತಿದ್ದವು. ಅಲ್ಲಿಂದ ಅವುಗಳನ್ನು ಮತ್ತೆ ದೋಣಿಗೆ ಏರಿಸಿ, ದಿಣ್ಣೆಯ ಮೇಲಿನ ಅಲೆಗಳನ್ನು ದಾಟಿಸಿ, ಹಡಗಿನ ಪಕ್ಕಕ್ಕೆ ಒಯ್ದು, ತೂಗಾಡುವ ಹಡಗಿಗೆ ಎತ್ತಿ ತುಂಬಬೇಕಾಗಿತ್ತು. ಈ ಕಾರ್ಯದಲ್ಲಿ ಸರಕು ನೆನೆಯುತ್ತಿತ್ತು, ಕಾಲವು ಕಳೆಯುತ್ತಿತ್ತು, ಖರ್ಚು ಹೆಚ್ಚುತ್ತಿತ್ತು. ನೈಋತ್ಯ ಮಾರುತದ ತಿಂಗಳುಗಳಲ್ಲಂತೂ ಕಡಲು ಕೆರಳಿ ನಿಲ್ಲುತ್ತಿದ್ದುದರಿಂದ ವ್ಯಾಪಾರವು ಬಹುಮಟ್ಟಿಗೆ ಸ್ತಬ್ಧವಾಗುತ್ತಿತ್ತು. ದೋಣಿಯವರಿಗೂ ಹೊರೆಯಾಳುಗಳಿಗೂ ಅದು ಕೂಲಿಯಿಲ್ಲದ ಕಾಲ.

ದಿಣ್ಣೆಯನ್ನು ಕಡಿದು ಹಡಗುಗಳನ್ನು ಒಳಕ್ಕೆ ತರಬೇಕೆಂಬ ಆಲೋಚನೆ ಹೊಸತಾಗಿರಲಿಲ್ಲ. ಕೊಚ್ಚಿಯ ವರ್ತಕರಾದ ಜಾನ್ ಆಸ್ಪಿನ್‌ವಾಲ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಪ್ರತಿಪಾದಿಸಿದ್ದರು. ಆದರೆ ತಜ್ಞರು ಎರಡು ಸಂದೇಹಗಳನ್ನು ಮುಂದಿಡುತ್ತಿದ್ದರು. ಈ ವರ್ಷ ಕಡಿದ ಕಾಲುವೆಯನ್ನು ಮುಂದಿನ ಮಳೆಗಾಲದ ಕಡಲು ಮತ್ತೆ ಮರಳಿನಿಂದ ತುಂಬಿಬಿಟ್ಟರೆ ಸುರಿದ ಹಣವೆಲ್ಲ ನೀರಿಗೆ ಹೋದಂತಾಗುವುದಲ್ಲವೇ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಗಂಭೀರವಾದುದು. ಅಳಿವೆಯ ಉತ್ತರಕ್ಕೆ ವೈಪಿನ್ ಎಂಬ ಕಿರಿದಾದ, ಉದ್ದವಾದ ದ್ವೀಪವಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು. ನಡುವಣ ತಗ್ಗಾದ ನೆಲದಲ್ಲಿ ಬೆಸ್ತರ ಮನೆಗಳು, ತೆಂಗಿನ ತೋಟಗಳು. ನೀರಿನ ಅಡಿಯ ದಿಣ್ಣೆಯು ದೊಡ್ಡ ಅಲೆಗಳ ಬಲವನ್ನು ದೂರದಲ್ಲಿಯೇ ಮುರಿಯುತ್ತಿತ್ತು. ಅದನ್ನು ತೆಗೆದುಹಾಕಿದರೆ ಕಡಲು ನೇರವಾಗಿ ನುಗ್ಗಿ ವೈಪಿನ್ ದಡವನ್ನು ಕೊರೆದು, ಜನವಸತಿಯನ್ನೇ ನುಂಗೀತೆಂಬ ಭಯ ಹಲವರಲ್ಲಿತ್ತು. ಹೀಗಾಗಿ ಯೋಜನೆಗಳು ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೆಯೇ ಉಳಿಯುತ್ತಿದ್ದವು.

ಮೊದಲನೆಯ ಮಹಾಯುದ್ಧವು ೧೯೧೮ರಲ್ಲಿ ಮುಗಿಯಿತು. ಮರುವರ್ಷ ಲಾರ್ಡ್ ವಿಲಿಂಗ್ಡನ್ ಅವರು ಮದರಾಸಿನ ಗವರ್ನರಾಗಿ ಬಂದರು. ದಕ್ಷಿಣ ಕನ್ನಡವೂ ಮಲಬಾರೂ ಕೊಚ್ಚಿಯ ಕೋಟೆ ಪ್ರದೇಶವೂ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು. ಮುಂಬಯಿಗೂ ಕೊಲಂಬೋಗೂ ನಡುವೆ ನೂರಾರು ಮೈಲಿಗಳ ಕರಾವಳಿಯಲ್ಲಿ ದೊಡ್ಡ ಹಡಗುಗಳು ಎಲ್ಲ ಋತುಗಳಲ್ಲಿಯೂ ಆಶ್ರಯ ಪಡೆಯಬಹುದಾದ ಬಂದರೊಂದು ಅಗತ್ಯವೆಂದು ಗವರ್ನರು ಮನಗಂಡರು. ಈ ಕಾರ್ಯಕ್ಕೆ ತಕ್ಕ ಎಂಜಿನಿಯರನ್ನು ಹುಡುಕಿದಾಗ ದೊರೆತವರೇ ರಾಬರ್ಟ್ ಬ್ರಿಸ್ಟೋ.

ಬ್ರಿಸ್ಟೋ ಅವರು ೧೮೮೦ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಜನಿಸಿದರು. ಸಿವಿಲ್ ಎಂಜಿನಿಯರಿಂಗ್ ವಿದ್ಯೆಯನ್ನು ಕಲಿತು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ನೌಕಾ ಇಲಾಖೆಯ ಕಾಮಗಾರಿ ವಿಭಾಗವನ್ನು ಸೇರಿದರು. ಸೂಯೆಜ್ ಕಾಲುವೆಯ ಸಂರಕ್ಷಣೆಯ ಕೆಲಸದಲ್ಲಿಯೂ ಅವರಿಗೆ ಅನುಭವವಿತ್ತು. ಮರುಭೂಮಿಯ ನಡುವೆ ತೋಡಿದ ಆ ಕಾಲುವೆಯನ್ನು ಮರಳು ಸದಾ ಮುಚ್ಚಲು ಹವಣಿಸುತ್ತದೆ. ಮನುಷ್ಯನು ಅದನ್ನು ಸದಾ ತೆರೆದಿಡಬೇಕಾಗುತ್ತದೆ. ಮರಳು, ನೀರು, ಹಡಗು ಈ ಮೂರರ ಸ್ವಭಾವವನ್ನು ಬಲ್ಲ ಇಂತಹವರು ಕೊಚ್ಚಿಗೆ ತಕ್ಕವರಾಗಿದ್ದರು. ೧೯೨೦ರ ಏಪ್ರಿಲ್ ತಿಂಗಳಲ್ಲಿ, ತಮ್ಮ ನಲವತ್ತನೆಯ ವಯಸ್ಸಿಗೆ ಕೆಲವೇ ತಿಂಗಳು ಮುಂಚೆ, ಅವರು ಕೊಚ್ಚಿಯ ನೆಲದ ಮೇಲೆ ಕಾಲಿಟ್ಟರು.

ಬಂದೊಡನೆ ಯಂತ್ರಗಳನ್ನು ತರಿಸಿ ಅಗೆಯಲು ತೊಡಗುವುದು ಸುಲಭವಾಗಿತ್ತು. ಬ್ರಿಸ್ಟೋ ಅವರು ಹಾಗೆ ಮಾಡಲಿಲ್ಲ. ಅವರು ಮೊದಲು ಕಡಲನ್ನು ಓದತೊಡಗಿದರು. ಬಂದ ಎರಡು ತಿಂಗಳಲ್ಲಿಯೇ ಮುಂಗಾರು ಆರಂಭವಾಯಿತು. ಗಾಳಿಯು ಯಾವ ದಿಕ್ಕಿನಿಂದ ಬೀಸುತ್ತದೆ, ಅಲೆಗಳು ದಡವನ್ನು ಯಾವ ಕೋನದಲ್ಲಿ ಅಪ್ಪಳಿಸುತ್ತವೆ, ಉಬ್ಬರ ಇಳಿತಗಳಲ್ಲಿ ಅಳಿವೆಯ ಮೂಲಕ ನೀರು ಯಾವ ವೇಗದಿಂದ ಒಳಹೊರಗೆ ಹರಿಯುತ್ತದೆ, ಮರಳು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂಬುದನ್ನೆಲ್ಲ ಅವರು ಪರೀಕ್ಷಿಸಿದರು. ಹಿಂದಿನವರು ಬರೆದಿಟ್ಟ ಕರಾವಳಿಯ ನಕ್ಷೆಗಳನ್ನು ಹೊಸ ಅಳತೆಗಳೊಡನೆ ಹೋಲಿಸಿ, ದಡವು ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತ ಬಂದಿದೆಯೆಂಬುದನ್ನು ಗುರುತಿಸಿದರು.

ಈ ಕರಾವಳಿಯ ಒಂದು ವೈಚಿತ್ರ್ಯವು ಅವರ ಗಮನವನ್ನು ವಿಶೇಷವಾಗಿ ಸೆಳೆಯಿತು. ಕೊಚ್ಚಿಯ ದಕ್ಷಿಣಕ್ಕಿರುವ ಆಲಪ್ಪುಳದ ಬಳಿಯಲ್ಲಿಯೂ ವೈಪಿನ್ ದ್ವೀಪದ ಞಾರಕ್ಕಲ್ ಎಂಬಲ್ಲಿಯೂ ಮಳೆಗಾಲದಲ್ಲಿ ಕಡಲಿನ ತಳದ ನುಣುಪಾದ ಕೆಸರು ಕದಡಿ ನೀರಿನೊಡನೆ ಬೆರೆಯುತ್ತದೆ. ಎಣ್ಣೆಯಂತೆ ಮಂದವಾದ ಆ ನೀರು ಅಲೆಗಳ ಬಲವನ್ನು ಹೀರಿಬಿಡುತ್ತದೆ. ಸುತ್ತಲೂ ಕಡಲು ಭೋರ್ಗರೆಯುತ್ತಿದ್ದರೂ ಅಷ್ಟು ಭಾಗ ಮಾತ್ರ ಕೆರೆಯಂತೆ ಶಾಂತವಾಗಿರುತ್ತದೆ. ಮೀನುಗಳು ಅಲ್ಲಿ ನೆರೆಯುತ್ತವೆ. ಬೆಸ್ತರು ನಿರ್ಭಯದಿಂದ ದೋಣಿಯಿಳಿಸುತ್ತಾರೆ. ಇದನ್ನು ಕೆಸರುದಿಬ್ಬ ಎನ್ನಬಹುದು. ಬ್ರಿಸ್ಟೋ ಅವರು ಈ ದಿಬ್ಬಗಳ ವೃತ್ತಾಂತವನ್ನು ಹಳೆಯ ದಾಖಲೆಗಳಿಂದ ಸಂಗ್ರಹಿಸಿ, ೧೯೩೮ರಲ್ಲಿ ಎರಡು ಸಂಪುಟಗಳ ಗ್ರಂಥವನ್ನೇ ಪ್ರಕಟಿಸಿದರು. ಬಂದರನ್ನು ಕಟ್ಟಲು ಬಂದ ಎಂಜಿನಿಯರರು ಕೆಸರಿನ ಚರಿತ್ರೆಯನ್ನು ಬರೆದುದು ಅವರ ಶ್ರದ್ಧೆಗೆ ಸಾಕ್ಷಿಯಾಗಿದೆ. ತಾನು ಬದಲಾಯಿಸಲಿರುವ ವಸ್ತುವನ್ನು ಮೊದಲು ಪೂರ್ಣವಾಗಿ ಅರಿಯಬೇಕೆಂಬುದು ಅವರ ನಿಯಮವಾಗಿತ್ತು.

ಅಧ್ಯಯನದ ಫಲವಾಗಿ ಅವರು ಒಂದು ನಿರ್ಣಯಕ್ಕೆ ಬಂದರು. ವೇಂಬನಾಡು ಹಿನ್ನೀರು ಬಹಳ ವಿಶಾಲವಾದುದು. ಪ್ರತಿದಿನ ಉಬ್ಬರ ಇಳಿತಗಳೊಡನೆ ಅಪಾರವಾದ ನೀರು ಕಿರಿದಾದ ಅಳಿವೆಯ ಮೂಲಕವೇ ಬಂದುಹೋಗಬೇಕು. ದಿಣ್ಣೆಯನ್ನು ಸರಿಯಾದ ದಿಕ್ಕಿನಲ್ಲಿ ಕಡಿದರೆ ಈ ಹರಿವು ಕಾಲುವೆಯನ್ನು ತೆರೆದಿಡಲು ತಾನಾಗಿಯೇ ನೆರವಾಗುತ್ತದೆ. ಉಳಿದ ಹೂಳನ್ನು ವರ್ಷವರ್ಷವೂ ಎತ್ತಿದರೆ ಸಾಕು. ಇನ್ನು ವೈಪಿನ್ ದಡದ ಪ್ರಶ್ನೆ. ಬ್ರಿಸ್ಟೋ ಅವರು ಅದನ್ನು ಯೋಜನೆಯ ಕೊನೆಗೆ ಮುಂದೂಡಲಿಲ್ಲ. ದಿಣ್ಣೆಗೆ ಕೈಹಚ್ಚುವ ಮೊದಲೇ ದಡಕ್ಕೆ ರಕ್ಷಣೆ ದೊರೆಯಬೇಕೆಂದು ನಿರ್ಧರಿಸಿ ಕರಿಗಲ್ಲಿನ ಒಡ್ಡುಗಳನ್ನು ಯೋಜಿಸಿದರು. ಅಲೆಗಳು ಬಡಿದಂತೆಲ್ಲ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಭದ್ರವಾಗುವಂತೆ ಅವುಗಳ ರಚನೆಯಿತ್ತು. ಬಳಿಕ ದಿಣ್ಣೆಯಲ್ಲಿ ಪ್ರಯೋಗಾರ್ಥವಾಗಿ ಒಂದು ಸಣ್ಣ ಕಾಲುವೆಯನ್ನು ಕಡಿಸಿ, ಮಳೆಗಾಲವು ಅದನ್ನು ಏನು ಮಾಡುವುದೆಂದು ಕಾದು ನೋಡಿದರು. ಮಳೆಗಾಲವು ಕಳೆದರೂ ಕಾಲುವೆಯು ಅಳಿಯಲಿಲ್ಲ. ಅನೇಕ ವರ್ಷಗಳ ವಾದವಿವಾದಗಳಿಗೆ ಕಡಲೇ ಉತ್ತರವನ್ನು ಕೊಟ್ಟಂತಾಯಿತು.

ಕಡಲಿನ ಒಪ್ಪಿಗೆ ದೊರೆತರೂ ಮನುಷ್ಯರ ಒಪ್ಪಿಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಕೊಚ್ಚಿಯ ಹಿನ್ನೀರಿನ ಸುತ್ತ ಆಗ ಮೂರು ಆಡಳಿತಗಳಿದ್ದವು. ಕೋಟೆಯ ಪ್ರದೇಶವು ಬ್ರಿಟಿಷರದು. ಮಟ್ಟಾಂಚೇರಿ, ಎರ್ನಾಕುಳಂಗಳು ಕೊಚ್ಚಿಯ ಮಹಾರಾಜರವು. ದಕ್ಷಿಣದ ನಾಡು ತಿರುವಾಂಕೂರಿನ ಮಹಾರಾಜರದು. ಬಂದರಿಗೆ ಬರುವ ಸರಕಿನ ಬಹುಭಾಗವು ತಿರುವಾಂಕೂರಿನ ತೋಟಗಳಲ್ಲಿ ಬೆಳೆಯುವಂತಹುದು. ಆದರೆ ಆ ಸಂಸ್ಥಾನಕ್ಕೆ ಆಲಪ್ಪುಳದಲ್ಲಿ ತನ್ನದೇ ಆದ ಬಂದರಿತ್ತು. ಕೊಚ್ಚಿಯು ಬೆಳೆದರೆ ಆಲಪ್ಪುಳದ ಗತಿಯೇನು? ಸುಂಕದ ಆದಾಯವು ಯಾರಿಗೆ ಎಷ್ಟು ಸೇರಬೇಕು? ಕಾಮಗಾರಿಯ ವೆಚ್ಚವನ್ನು ಯಾರು ಭರಿಸಬೇಕು? ಈ ಪ್ರಶ್ನೆಗಳು ಮರಳಿನ ದಿಣ್ಣೆಗಿಂತ ಗಟ್ಟಿಯಾಗಿದ್ದವು. ವರ್ಷಗಟ್ಟಲೆ ಪತ್ರವ್ಯವಹಾರ, ಸಭೆ, ಸಂಧಾನಗಳು ನಡೆದವು. ಕೆಲಸವು ಅರ್ಧದಲ್ಲಿಯೇ ನಿಂತುಹೋಗಬಹುದೆಂಬ ಆತಂಕ ಪದೇ ಪದೇ ಒದಗಿತು. ಬ್ರಿಸ್ಟೋ ಅವರು ಲೆಕ್ಕಗಳನ್ನೂ ನಕ್ಷೆಗಳನ್ನೂ ಹಿಡಿದುಕೊಂಡು ಎಲ್ಲರ ಮನವೊಲಿಸಲು ಶ್ರಮಿಸಿದರು. ಕಡೆಗೆ ೧೯೨೫ರಲ್ಲಿ ಸರ್ಕಾರಗಳ ನಡುವೆ ಒಡಂಬಡಿಕೆಯಾಯಿತು. ವೆಚ್ಚದಲ್ಲಿಯೂ ಆದಾಯದಲ್ಲಿಯೂ ಪಾಲನ್ನು ನಿಗದಿಮಾಡಿಕೊಂಡು ಅವು ಒಂದೇ ಬಂದರಿಗಾಗಿ ಕೈಜೋಡಿಸಿದವು.

೧೯೨೬ರಲ್ಲಿ, ಕಡಲಾಚೆ ಕಟ್ಟಿಸಿದ ಹೂಳೆತ್ತುವ ಹಡಗೊಂದು ಕೊಚ್ಚಿಗೆ ಬಂದಿತು. ಯೋಜನೆಗೆ ಬೆಂಬಲವಾಗಿ ನಿಂತಿದ್ದ ಗವರ್ನರ ಹೆಸರನ್ನೇ ಅದಕ್ಕೆ ಇಡಲಾಗಿತ್ತು. ಈ ಬಗೆಯ ಹಡಗಿನ ಕೆಲಸವು ಕುತೂಹಲಕರವಾದುದು. ಅದರ ಮುಂಭಾಗದಲ್ಲಿ ತಿರುಗುವ ಹಲ್ಲುಗಳುಳ್ಳ ಯಂತ್ರವು ಕಡಲಿನ ತಳದ ಗಟ್ಟಿಯಾದ ಪದರವನ್ನು ಕೊರೆದು ಸಡಿಲಿಸುತ್ತದೆ. ಬಲವಾದ ಪಂಪು ಆ ಮರಳನ್ನೂ ಕೆಸರನ್ನೂ ನೀರಿನೊಡನೆ ಹೀರಿಕೊಳ್ಳುತ್ತದೆ. ತೇಲುವ ಕೊಳವೆಗಳ ಸಾಲು ಅದನ್ನು ಬಹುದೂರ ಒಯ್ದು ಬೇಕಾದ ಸ್ಥಳದಲ್ಲಿ ಸುರಿಯುತ್ತದೆ. ಇಂತಹ ಯಂತ್ರದ ನೆರವಿನಿಂದ ಹಗಲಿರುಳೆನ್ನದೆ ಕೆಲಸವು ಸಾಗಿತು. ಮುಂಗಾರಿನಲ್ಲಿ ಹೊರಗಡಲಿನಲ್ಲಿ ನಿಲ್ಲುವುದು ಅಸಾಧ್ಯವಾದ ಕಾರಣ, ಮಳೆಯಿಲ್ಲದ ತಿಂಗಳುಗಳ ಒಂದೊಂದು ದಿನವೂ ಅಮೂಲ್ಯವಾಗಿತ್ತು. ೪೫೦ ಅಡಿ ಅಗಲ, ಮೂರು ಮೈಲಿಗೂ ಮಿಕ್ಕ ಉದ್ದದ ದಾರಿಯೊಂದನ್ನು ನೀರಿನ ಅಡಿಯಲ್ಲಿ ತೋಡಬೇಕಾಗಿತ್ತು. ಕಣ್ಣಿಗೆ ಕಾಣದ ಆ ರಸ್ತೆಯ ಇಕ್ಕೆಲಗಳನ್ನು ತೇಲುವ ಗುರುತುಗಳು ಮಾತ್ರ ಸೂಚಿಸುತ್ತಿದ್ದವು.

೧೯೨೮ರ ವೇಳೆಗೆ ದಿಣ್ಣೆಯು ಸೀಳಿತು. ಆ ವರ್ಷ ಮೇ ೨೬ರಂದು ಮುಂಬಯಿಯಿಂದ ಬಂದ ಪದ್ಮಾ ಎಂಬ ಉಗಿಹಡಗು ಹೊಸ ಕಾಲುವೆಯ ಮೂಲಕ ಅಳಿವೆಯನ್ನು ದಾಟಿ ಒಳಬಂದರನ್ನು ಪ್ರವೇಶಿಸಿತು. ಮುಂಗಾರು ಇನ್ನೇನು ಬಾಗಿಲಿಗೆ ಬಂದಿದ್ದ ದಿನಗಳವು. ಹಿಂದಿನ ವರ್ಷಗಳಲ್ಲಾದರೆ ಅಂತಹ ಸಮಯದಲ್ಲಿ ಹಡಗುಗಳು ಕೊಚ್ಚಿಯ ಕಡೆಗೆ ಮುಖ ಮಾಡಲು ಹೆದರುತ್ತಿದ್ದವು. ಈಗ ಹಡಗು ಒಳಗಣ ಶಾಂತವಾದ ನೀರಿನಲ್ಲಿ ಲಂಗರು ಇಳಿಸಿತು. ಬ್ರಿಸ್ಟೋ ಅವರು ಕೊಚ್ಚಿಗೆ ಬಂದು ಆಗ ಎಂಟು ವರ್ಷಗಳು ತುಂಬಿದ್ದವು. ಅವುಗಳಲ್ಲಿ ದಿಣ್ಣೆಯನ್ನು ಕಡಿಯಲು ಹಿಡಿದುದು ಸುಮಾರು ಎರಡು ವರ್ಷ. ಉಳಿದ ಆರು ವರ್ಷಗಳು ಅರಿಯುವುದಕ್ಕೂ ಸಿದ್ಧತೆಗೂ ಒಪ್ಪಿಸುವುದಕ್ಕೂ ಸಂದಿದ್ದವು.

ಬಾಗಿಲು ತೆರೆದರೆ ಸಾಲದು, ಮನೆಯೂ ಸಜ್ಜಾಗಬೇಕು. ದೊಡ್ಡ ಹಡಗುಗಳು ತಿರುಗಲು ಒಳಬಂದರಿನಲ್ಲಿ ಆಳವಾದ ಸ್ಥಳ ಬೇಕಾಗಿತ್ತು. ಸರಕನ್ನು ಇಳಿಸಲು ಧಕ್ಕೆಗಳು, ಕೂಡಿಡಲು ಉಗ್ರಾಣಗಳು, ಸಾಗಿಸಲು ರೈಲು ಮತ್ತು ರಸ್ತೆಗಳು ಬೇಕಾಗಿದ್ದವು. ಇವೆಲ್ಲಕ್ಕೂ ನೆಲವೆಲ್ಲಿ? ಹಿನ್ನೀರಿನ ಸುತ್ತಣ ದಡವು ಆಗಲೇ ಮನೆ ಮಳಿಗೆಗಳಿಂದ ತುಂಬಿತ್ತು. ಈ ಎರಡು ಸಮಸ್ಯೆಗಳಿಗೂ ಬ್ರಿಸ್ಟೋ ಅವರು ಒಂದೇ ಪರಿಹಾರವನ್ನು ಕಂಡುಕೊಂಡರು. ಆಳ ಮಾಡುವಾಗ ದೊರೆಯುವ ಹೂಳನ್ನು ಕಡಲಿಗೆ ಸುರಿಯುವ ಬದಲು, ಹಿನ್ನೀರಿನ ನಡುವಿದ್ದ ವೆಂದುರುತ್ತಿ ಎಂಬ ಚಿಕ್ಕ ದ್ವೀಪದ ಪಕ್ಕದಲ್ಲಿ ಹರಡಿ ಎತ್ತರಿಸಿದರು. ಒಂದು ಕಡೆ ನೀರು ಆಳವಾದಂತೆ ಇನ್ನೊಂದು ಕಡೆ ನೆಲವು ಮೇಲೆದ್ದಿತು. ಹೀಗೆ ಸುಮಾರು ೭೮೦ ಎಕರೆಗಳ ಹೊಸ ಭೂಮಿ ನಿರ್ಮಾಣವಾಯಿತು. ಅದಕ್ಕೆ ವಿಲಿಂಗ್ಡನ್ ದ್ವೀಪವೆಂದು ಹೆಸರಾಯಿತು. ಮೀನು ಆಡುತ್ತಿದ್ದ ಕಡೆ ರಸ್ತೆಗಳು ಬಂದವು, ಸಾಲುಮರಗಳು ಬೆಳೆದವು, ಬಂದರಿನ ಕಚೇರಿಗಳೂ ಮನೆಗಳೂ ಎದ್ದವು. ಬ್ರಿಸ್ಟೋ ಅವರೂ ತಾವು ನಿರ್ಮಿಸಿದ ನೆಲದ ಮೇಲೆಯೇ ವಾಸಿಸತೊಡಗಿದರು.

೧೯೦೨ರಲ್ಲಿಯೇ ಎರ್ನಾಕುಳಂವರೆಗೆ ಬಂದಿದ್ದ ರೈಲು ಮಾರ್ಗವನ್ನು ಸೇತುವೆಯ ಮೂಲಕ ದ್ವೀಪಕ್ಕೆ ತರಲಾಯಿತು. ಇನ್ನೊಂದು ಸೇತುವೆಯು ದ್ವೀಪವನ್ನು ಮಟ್ಟಾಂಚೇರಿಯ ಕಡೆಗೆ ಜೋಡಿಸಿತು. ಹಡಗು, ರೈಲು, ರಸ್ತೆ ಮತ್ತು ಹಿನ್ನೀರಿನ ದೋಣಿ ಇವು ನಾಲ್ಕೂ ಒಂದೆಡೆ ಕೂಡುವ ಬಂದರು ಸಿದ್ಧವಾಯಿತು. ಒಳನಾಡಿನ ಬೆಳೆಗಾರನ ಸರಕು ಒಂದು ದಡದಲ್ಲಿ ಬಂದಿಳಿದರೆ, ಕೆಲವು ಹೆಜ್ಜೆಗಳ ಆಚೆ ದೂರದೇಶದ ಹಡಗು ಕಾದಿರುತ್ತಿತ್ತು. ೧೯೩೬ರಲ್ಲಿ ಭಾರತ ಸರ್ಕಾರವು ಕೊಚ್ಚಿಯನ್ನು ಪ್ರಥಮ ದರ್ಜೆಯ ಬಂದರೆಂದು ಘೋಷಿಸಿತು. ಯೂರೋಪಿಗೂ ಪೂರ್ವದೇಶಗಳಿಗೂ ಹೋಗುವ ಹಡಗುಗಳು ಕೊಚ್ಚಿಯನ್ನು ತಮ್ಮ ದಾರಿಯಲ್ಲಿ ಸೇರಿಸಿಕೊಂಡವು.

ಈ ಏಳಿಗೆಗೆ ಇನ್ನೊಂದು ಮುಖವೂ ಉಂಟು. ತಿರುವಾಂಕೂರಿನವರು ಶಂಕಿಸಿದ್ದಂತೆಯೇ ಆಲಪ್ಪುಳದ ಕಡಲ ವ್ಯಾಪಾರವು ಕಾಲಕ್ರಮದಲ್ಲಿ ಕ್ಷೀಣಿಸಿತು. ಅಲ್ಲಿನ ಹಳೆಯ ಕಡಲಸೇತುವೆಯ ಅವಶೇಷಗಳು ಗತವೈಭವವನ್ನು ನೆನಪಿಸುತ್ತ ನಿಂತಿವೆ. ಒಂದು ದಾರಿ ತೆರೆದಾಗ ಇನ್ನೊಂದು ದಾರಿಯಲ್ಲಿ ಹುಲ್ಲು ಬೆಳೆಯುವುದು ವ್ಯಾಪಾರದ ಚರಿತ್ರೆಯಲ್ಲಿ ಹೊಸತಲ್ಲ.

ಬ್ರಿಸ್ಟೋ ಅವರು ಯಂತ್ರಗಳ ನಡುವೆಯೇ ಮುಳುಗಿದ್ದವರಲ್ಲ. ಆ ಕಾಲದಲ್ಲಿ ಯೂರೋಪಿಯನ್ನರ ಕ್ಲಬ್ಬುಗಳಿಗೆ ಭಾರತೀಯರಿಗೆ ಪ್ರವೇಶವಿರಲಿಲ್ಲ. ಹಗಲೆಲ್ಲ ಒಂದೇ ಕಾಮಗಾರಿಯಲ್ಲಿ ದುಡಿದವರು ಸಂಜೆ ಬೇರೆ ಬೇರೆ ಬಾಗಿಲುಗಳನ್ನು ಹಿಡಿಯಬೇಕಾಗಿತ್ತು. ಈ ಭೇದವು ಬ್ರಿಸ್ಟೋ ದಂಪತಿಗಳಿಗೆ ಸರಿಯೆನಿಸಲಿಲ್ಲ. ೧೯೩೧ರಲ್ಲಿ ಅವರೂ ಅವರ ಪತ್ನಿ ಗರ್ಟ್ರೂಡ್ ಅವರೂ ಮುಂದಾಗಿ ಎರ್ನಾಕುಳಂನಲ್ಲಿ ಲೋಟಸ್ ಕ್ಲಬ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಭಾರತೀಯರೂ ಯೂರೋಪಿಯನ್ನರೂ, ಪುರುಷರೂ ಸ್ತ್ರೀಯರೂ ಸಮಾನವಾಗಿ ಕಲೆಯಬಹುದಾಗಿತ್ತು. ಆಳುವವರಿಗೂ ಆಳಲ್ಪಡುವವರಿಗೂ ನಡುವೆ ಅಂತರವನ್ನು ಕಾಯ್ದುಕೊಳ್ಳುವುದೇ ಗೌರವವೆಂದು ಭಾವಿಸಿದ್ದ ಕಾಲದಲ್ಲಿ ಇದು ಧೈರ್ಯದ ಕಾರ್ಯವೇ ಆಗಿತ್ತು. ನೀರಿನ ಅಡಿಯ ದಿಣ್ಣೆಯನ್ನು ಕಡಿದಂತೆ, ಮನುಷ್ಯರ ನಡುವೆ ಬೆಳೆದಿದ್ದ ದಿಣ್ಣೆಯನ್ನೂ ಅವರು ತಮ್ಮ ಶಕ್ತಿಗೆ ಅನುಗುಣವಾಗಿ ತಗ್ಗಿಸಿದರು.

ಎರಡನೆಯ ಮಹಾಯುದ್ಧವು ನಡೆಯುತ್ತಿದ್ದ ೧೯೪೧ರಲ್ಲಿ ಬ್ರಿಸ್ಟೋ ಅವರು ಕೊಚ್ಚಿಯಿಂದ ಬೀಳ್ಕೊಂಡರು. ಇಪ್ಪತ್ತೊಂದು ವರ್ಷಗಳ ಕಾಲ ಅವರು ಒಂದೇ ಬಂದರಿಗಾಗಿ ದುಡಿದಿದ್ದರು. ಯುದ್ಧದ ದಿನಗಳಲ್ಲಿ ಆ ಬಂದರು ನೌಕಾಪಡೆಯ ಹಡಗುಗಳಿಗೆ ಆಶ್ರಯವಾಯಿತು. ಸ್ವದೇಶಕ್ಕೆ ಮರಳಿದ ಮೇಲೂ ಅವರು ಕೊಚ್ಚಿಯನ್ನು ಮರೆಯಲಿಲ್ಲ. ತಮ್ಮ ಅನುಭವಗಳನ್ನೂ ಆ ನಾಡಿನ ಪೂರ್ವಚರಿತ್ರೆಯನ್ನೂ ಹೆಣೆದು ಕೊಚ್ಚಿನ್ ಸಾಗಾ ಎಂಬ ಗ್ರಂಥವನ್ನು ಬರೆದು ೧೯೫೯ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಭಾರತವು ಸ್ವತಂತ್ರವಾಗಿತ್ತು. ಕೊಚ್ಚಿ, ತಿರುವಾಂಕೂರು, ಮಲಬಾರುಗಳು ಕೂಡಿ ೧೯೫೬ರಲ್ಲಿ ಕೇರಳ ರಾಜ್ಯವು ಉದಯಿಸಿತ್ತು. ಬಂದರಿಗಾಗಿ ಒಮ್ಮೆ ಹಗ್ಗಜಗ್ಗಾಟ ನಡೆಸಿದ್ದ ಪ್ರದೇಶಗಳು ಒಂದೇ ನಾಡಾಗಿದ್ದವು. ೧೯೬೬ರಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ಬ್ರಿಸ್ಟೋ ಅವರು ನಿಧನರಾದರು.

ಅವರು ತೆರೆದ ಬಾಗಿಲಿನ ಮೂಲಕ ಹೊಸ ಕಾಲದ ಹಡಗುಗಳು ಬರುತ್ತಲೇ ಇವೆ. ಅವರು ನಿಧನರಾದ ವರ್ಷದಲ್ಲಿಯೇ ಕೊಚ್ಚಿಯ ಬಳಿ ತೈಲ ಶುದ್ಧೀಕರಣ ಕಾರ್ಖಾನೆಯು ಆರಂಭವಾಯಿತು. ೧೯೭೨ರಲ್ಲಿ ಹಡಗು ಕಟ್ಟುವ ಸಂಸ್ಥೆಯು ಸ್ಥಾಪಿತವಾಯಿತು. ಸರಕನ್ನು ದೊಡ್ಡ ಉಕ್ಕಿನ ಪೆಟ್ಟಿಗೆಗಳಲ್ಲಿ ತುಂಬಿ ಸಾಗಿಸುವ ಕಂಟೇನರ್ ಪದ್ಧತಿಯು ಜಗತ್ತಿನಲ್ಲಿ ಹಬ್ಬಿದಾಗ, ೧೯೭೩ರಲ್ಲಿ ಅಂತಹ ಹಡಗೊಂದು ಮೊದಲ ಬಾರಿಗೆ ಭಾರತಕ್ಕೆ ಬಂದುದು ಕೊಚ್ಚಿಗೇ. ೨೦೧೧ರಲ್ಲಿ, ಇನ್ನೂ ದೊಡ್ಡ ಹಡಗುಗಳಿಗಾಗಿ, ಹಿನ್ನೀರಿನ ವಲ್ಲಾರ್ಪಾಡಂ ದ್ವೀಪದಲ್ಲಿ ಹೊಸ ಕಂಟೇನರ್ ನಿಲ್ದಾಣವು ಲೋಕಾರ್ಪಣೆಗೊಂಡಿತು. ಹಡಗುಗಳು ಬೆಳೆದಂತೆ ಕಾಲುವೆಯನ್ನು ಮತ್ತೆ ಮತ್ತೆ ಆಳಗೊಳಿಸಬೇಕಾಯಿತು. ಕಡಲು ತನ್ನ ಹಳೆಯ ಅಭ್ಯಾಸವನ್ನು ಬಿಟ್ಟಿಲ್ಲ. ಮರಳೂ ಕೆಸರೂ ಕಾಲುವೆಗೆ ಮರಳಿ ಬರುತ್ತಲೇ ಇರುತ್ತವೆ. ಹೂಳೆತ್ತುವ ಹಡಗುಗಳಿಗೆ ಬಿಡುವಿಲ್ಲ. ಕೊಚ್ಚಿಯ ದಕ್ಷಿಣದ ಚೆಲ್ಲಾನಂ ಕರಾವಳಿಯಲ್ಲಿ ಕಡಲ್ಕೊರೆತವು ಜನರನ್ನು ಕಾಡಿದೆ. ಅಳಿವೆಯನ್ನು ಆಳಗೊಳಿಸುತ್ತ ಬಂದುದೇ ಇದಕ್ಕೆ ಒಂದು ಕಾರಣವೆಂದು ಅಲ್ಲಿನ ನಿವಾಸಿಗಳು ಹೇಳುತ್ತಾರೆ. ಬ್ರಿಸ್ಟೋ ಅವರು ೧೯೨೦ರಲ್ಲಿ ಎದುರಿಸಿದ ಪ್ರಶ್ನೆ, ಎಂದರೆ ಹಡಗಿಗೆ ದಾರಿಯನ್ನು ಮಾಡುವಾಗ ದಡದ ಗುಡಿಸಲನ್ನು ಕಾಯುವುದು ಹೇಗೆಂಬ ಪ್ರಶ್ನೆ, ಪ್ರತಿಯೊಂದು ತಲೆಮಾರಿನ ಎಂಜಿನಿಯರರ ಮುಂದೆಯೂ ಹೊಸದಾಗಿ ಬಂದು ನಿಲ್ಲುತ್ತದೆ.

ಮಂಗಳೂರಿನಲ್ಲಿ ಇದೇ ಬಗೆಯ ಸಮಸ್ಯೆಗೆ ಬೇರೊಂದು ಪರಿಹಾರವು ದೊರೆಯಿತು. ಅಲ್ಲಿ ಹಳೆಯ ಅಳಿವೆಯನ್ನು ಬಿಟ್ಟು, ಉತ್ತರದ ಪಣಂಬೂರಿನಲ್ಲಿ ನೆಲವನ್ನು ತೋಡಿ ಕಡಲನ್ನೇ ಒಳಕ್ಕೆ ಕರೆತಂದರು. ೧೯೭೪ರಲ್ಲಿ ನವಮಂಗಳೂರು ಭಾರತದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಿತವಾಯಿತು. ಒಂದೇ ಕರಾವಳಿಯ ಎರಡು ಊರುಗಳಿಗೆ ಎರಡು ಬೇರೆ ಉತ್ತರಗಳು ಒಪ್ಪಿದವು. ನೀರಿನ ಹರಿವು, ನೆಲದ ಗುಣ, ಗಾಳಿಯ ದಿಕ್ಕು ಇವುಗಳನ್ನು ಆಯಾ ಸ್ಥಳದಲ್ಲಿಯೇ ಅಳೆದು ತಿಳಿಯಬೇಕಲ್ಲದೆ, ಒಂದೆಡೆಯ ಉತ್ತರವನ್ನು ಇನ್ನೊಂದೆಡೆಗೆ ಹಾಗೆಯೇ ಒಯ್ಯಲಾಗದು.

ರಾಬರ್ಟ್ ಬ್ರಿಸ್ಟೋ ಅವರ ಜೀವನದ ಸಾರವೂ ಇದೇ ಆಗಿದೆ. ಅವರು ಕಡಲನ್ನು ಗೆಲ್ಲಲು ಹೊರಟವರಲ್ಲ. ಅದರ ಮನಸ್ಸನ್ನು ಅರಿತು ಅದರಿಂದಲೇ ಕೆಲಸವನ್ನು ಪಡೆದವರು. ಆತುರದವರು ಒಂದು ವರ್ಷದಲ್ಲಿ ಅಗೆದು ಮರುವರ್ಷ ಕಳೆದುಕೊಳ್ಳಬಹುದಾಗಿದ್ದ ಕಾಲುವೆಯನ್ನು ಅವರು ತಾಳ್ಮೆಯಿಂದ ಕಾದು, ಅಳೆದು, ಪರೀಕ್ಷಿಸಿ, ಶಾಶ್ವತವಾದ ದಾರಿಯನ್ನಾಗಿ ಮಾಡಿದರು. ಬಿಸಿಲಿನಲ್ಲಿ ಹೂಳೆತ್ತಿದ, ಕಲ್ಲು ಹೊತ್ತ, ದೋಣಿ ನಡೆಸಿದ ಸಾವಿರಾರು ಕೈಗಳ ಹೆಸರುಗಳನ್ನು ಚರಿತ್ರೆಯು ಬರೆದಿಟ್ಟಿಲ್ಲ. ಅವರೆಲ್ಲರ ದುಡಿಮೆಯೂ ಬ್ರಿಸ್ಟೋ ಅವರ ಜ್ಞಾನವೂ ಕೂಡಿದುದರಿಂದ ಕೊಚ್ಚಿಯು ಅರಬ್ಬೀ ಸಮುದ್ರದ ರಾಣಿಯೆಂಬ ಹೆಸರನ್ನು ಸಾರ್ಥಕಗೊಳಿಸಿತು. ಮಳೆಗಾಲದ ಕಪ್ಪು ಮುಗಿಲಿನ ಕೆಳಗೆ ದೂರದೇಶದ ಹಡಗೊಂದು ತೇಲುವ ಗುರುತುಗಳ ನಡುವೆ ನಿಧಾನವಾಗಿ ಸಾಗಿ ಕೊಚ್ಚಿಯ ಒಳಬಂದರನ್ನು ಸೇರುವಾಗಲೆಲ್ಲ, ನೀರಿನ ಅಡಿಯಲ್ಲಿರುವ ಆ ದಾರಿಯು ಅದನ್ನು ತೋಡಿದವರಿಗೆ ಮೂಕ ಸ್ಮಾರಕವಾಗಿ ಉಳಿದಿದೆ.